ಎಂಡೆವರ್ ಪದಕ್ಕೆ ನಾನು ಹೇಳಿದ ಅರ್ಥ

ಬೆಳಿಗ್ಗೆ ಪ್ರಾರ್ಥನೆಯಾದ ಕೂಡಲೇ ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ಪದ, ಅದರ ಕೆಳಗೆ ಅರ್ಥ, ಅರ್ಥದ ಕೆಳಗೆ ಮೂರು ವಾಕ್ಯ. ಹೊಸನಗರ ತಾಲ್ಲೂಕಿನ ಆ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಎರಡು ವರ್ಷ ಈ ಕ್ರಮವನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಣೆಕಟ್ಟಿನ ನೀರು ನಿಲ್ಲತೊಡಗಿ, ಮುಳುಗಡೆಯ ಮನೆಗಳು ಖಾಲಿಯಾಗಿ, ಇಪ್ಪತ್ತಾರು ಮಕ್ಕಳು ಆರಕ್ಕೆ ಇಳಿದಾಗಲೂ ಹಾಜರಿ ಕರೆದು, ಪದ ಬರೆದೇ ಪಾಠ ಶುರುಮಾಡುತ್ತಿದ್ದೆ.

ಶಾಲೆಯ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ, ಅವರ ಮಗ ಇದ್ದರು. ಗೇಣಿ ಗದ್ದೆ ಮಾಡಿಕೊಂಡಿದ್ದವರು. ಅವರಿಗೆ ಸಾಗರದ ಕಡೆ ಜಾಗ ಕೊಟ್ಟಿದ್ದರು. ಅಜ್ಜಿಗೆ ಇದ್ದದ್ದು ಒಂದೇ ಚಿಂತೆ, ಮನೆಯ ಹಿಂದೆ, ಮನೆ ಕಾಯುವ ದೇವತೆ ಚೌಡಿಯ ಕಲ್ಲು. ನಾಲ್ಕು ಜನ ಎತ್ತಬೇಕಾದ ಕಲ್ಲು. ಒಕ್ಕಲು ಜಾಗ ಬಿಟ್ಟು ಎದ್ದರೆ ಚೌಡಿಯನ್ನೂ ಕರೆದೊಯ್ಯಬೇಕು. ಮೊದಲು ಮನೆಯ ಹಿರಿಯರು ಕಲ್ಲಿನ ಮೇಲೆ ಹೂವಿಟ್ಟು ಕೇಳಬೇಕು. ಬಲಗಡೆ ಹೂ ಬಿದ್ದರೆ ಅವಳು ಎದ್ದಳೆಂದು ಲೆಕ್ಕ. ಎದ್ದವಳಿಗೆ ಅಲ್ಲಿ ಮತ್ತೆ ದೀಪ ಇಡುವಂತಿಲ್ಲ. ಹೊಸ ಜಾಗದಲ್ಲಿ ಕೂರಿಸುವವರೆಗೆ ಅವಳು ನಿಂತೇ ಇರುತ್ತಾಳೆ. ಹಾಗಾಗಿ ಗಾಡಿ ಖಚಿತವಾಗದೆ ಯಾರೂ ಹೂ ಕೇಳುವುದಿಲ್ಲ.

ಲಾರಿ ಬೇಕೆಂದು ಮುಳುಗಡೆ ಕಚೇರಿಗೆ ನಾನೇ ಅರ್ಜಿ ಬರೆದುಕೊಟ್ಟಿದ್ದೆ. ಉತ್ತರ ಇಂಗ್ಲಿಷಿನಲ್ಲಿ ಬಂತು. ತಿಂಗಳ ಕೊನೆಯೊಳಗೆ ಲಾರಿ ಒದಗಿಸಲು ‘ಎವರಿ ಎಂಡೆವರ್’ ಮಾಡಲಾಗುವುದು ಎಂದಿತ್ತು. ನಿಘಂಟು ತೆಗೆದು ನೋಡಿದೆ. ಎಂಡೆವರ್: ಮನಃಪೂರ್ವಕವಾದ ಪ್ರಯತ್ನ. ಬರೀ ಪ್ರಯತ್ನಕ್ಕಿಂತ ತೂಕದ ಪದ ಎಂದು ಅಜ್ಜಿಗೆ ವಿವರಿಸಿದೆ.

“ಹಂಗಂದ್ರೆ ಲಾರಿ ಬತ್ತದೆ ಅಂತನಾ ಮೇಷ್ಟ್ರೆ?”

“ಬರುತ್ತೆ ಅಂತಲೇ ಅಮ್ಮ. ಮನಸ್ಸಿಲ್ದೆ ಇದ್ರೆ ಈ ಪದ ಹಾಕ್ತಿರ್ಲಿಲ್ಲ.”

ಮರುದಿನ ಆ ಪದವನ್ನೇ ಬೋರ್ಡಿನ ಮೇಲೆ ಬರೆದೆ. ಅದೇ ಬೆಳಿಗ್ಗೆ ಅಜ್ಜಿ ಹೂ ಕೇಳಿದರು. ಬಲಗಡೆಯೇ ಬಿತ್ತು.

ಕೊನೆಯ ನೆರೆಯವನು ಎತ್ತಿನ ಗಾಡಿ ಹೂಡಿದಾಗ, ಇನ್ನೊಂದು ಸಲ ಬಂದು ಕಲ್ಲು ಒಯ್ಯುತ್ತೇನೆ ಎಂದ. ಬೇಡ, ಲಾರಿಗೆ ಕಾಗದ ಬಂದಿದೆ, ಮೇಷ್ಟ್ರೇ ಓದಿ ಹೇಳಿದ್ದಾರೆ ಎಂದರು ಅಜ್ಜಿ.

“ಕಾಗದಕ್ಕೆ ಚಕ್ರ ಇರ್ತದೇನೆ ಅಕ್ಕ?” ಎಂದು ನಕ್ಕು ಅವನು ಹೊರಟುಹೋದ.

ಆಮೇಲೆ ಆ ಅಂಗಳ ಮೊದಲಿನಂತಿರಲಿಲ್ಲ. ದನಗಳು ಮನೆಯ ಹಿಂದಕ್ಕೆ ಹೋಗಲೊಲ್ಲವು. ನಾಯಿ ಯಾರೂ ಇಲ್ಲದ ಕಡೆ ಮುಖ ಮಾಡಿ ಬಾಲ ಆಡಿಸುತ್ತಿತ್ತು. ಗುಡ್ಡದಾಚೆಯಿಂದ ಆ ಅಂಗಳ ಹಾಯ್ದು ಶಾಲೆಗೆ ಬರುವ ಮಕ್ಕಳು ನಡುವೆ ಒಂದು ಕಡೆ ಬಳಸಿ ಬರುತ್ತಿದ್ದರು. ಯಾಕೆಂದು ಕೇಳಿದೆ.

“ಅಲ್ಲಿ ನಿಂತಿದಾರೆ ಸಾರ್.”

ಗದರಿಸಿದೆ. ಮರುದಿನ ನಾನೂ ಬಳಸಿಯೇ ಹೋದೆ.

ಮೂರು ದಿನ ಮಳೆ ನಿಂತು ಹೊಳವಾಗಿತ್ತು. ಆದರೂ ಎಳೆಬಿಸಿಲಿನಲ್ಲಿ, ಸದ್ದಿಲ್ಲದೆ, ನೀರು ಗದ್ದೆಯ ಒಂದೊಂದೇ ಅಂಚು ಹತ್ತಿ ಬಂತು. ಇರುವೆಗಳು ಸಾಲುಗಟ್ಟಿ ಶಾಲೆಯ ಕಂಬ ಏರಿದವು. ತಿಂಗಳು ಮುಗಿಯುವ ಮೊದಲೇ ರಸ್ತೆ ಮುಳುಗಿತು. ಲಾರಿ ಬರಲಿಲ್ಲ.

ಕೆಲಸವನ್ನು ಯಾರಿಗೂ ಒಪ್ಪಿಸದೆ ಇದ್ದಾಗ ಆ ಪದ ಹಾಕಿ ಕಾಗದ ಮುಗಿಸುವುದು ವಾಡಿಕೆ ಎಂದು ಮುಂದೆ ಸಾಗರದಲ್ಲಿ ಒಬ್ಬ ಹಳೆಯ ಗುಮಾಸ್ತರು ಹೇಳಿದರು. ಪದದ ಅರ್ಥ ನನಗೆ ಗೊತ್ತಿತ್ತು, ಬಳಕೆ ಗೊತ್ತಿರಲಿಲ್ಲ.

ರಸ್ತೆ ಮುಳುಗಿದ ಮೇಲೆ ಅಜ್ಜಿಯ ಮಗ ದೋಣಿ ತಂದ. ಸಣ್ಣ ದೋಣಿ, ಕಲ್ಲು ಹಾಕಿದರೆ ಮುಳುಗುತ್ತದೆ ಎಂದ ದೋಣಿಯವನು. ಅಜ್ಜಿ ಕಲ್ಲನ್ನು ಅಲ್ಲೇ ಬಿಟ್ಟರು. ಮಕ್ಕಳು ಬಳಸಿ ಬರುತ್ತಿದ್ದ ಜಾಗದ ಎದುರು ನಿಂತು ಮೆಲ್ಲಗೆ ಕರೆದರು.

“ಬಾರವ್ವ, ನಡಿ.”

ದೋಣಿ ಹತ್ತಿ, ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಅಲ್ಲಿ ಟ್ರಂಕು ಇಡಲೂ ಬಿಡಲಿಲ್ಲ. ನಾನೂ ಹತ್ತಿ ಕೂತು, ನನ್ನಿಂದ ತಪ್ಪಾಯಿತು ಎಂದೆ.

“ನೀವು ಓದಿ ಹೇಳಿದ್ರಿ, ನಾನು ಎಬ್ಬಿಸ್ದೆ. ಇನ್ನು ಅವ್ಳನ್ನ ಕೂರ್ಸೋ ತನಕ ನಂಗೆ ಸಾಯಕ್ಕೂ ಪುರ್ಸೊತ್ತಿಲ್ಲ.”

ಅಜ್ಜಿ, ಮಗ, ನಾನು, ಮೂವರೂ ಬಲಗಡೆಗೆ ಕೂತಿದ್ದೆವು. ದೋಣಿ ಎಡಕ್ಕೆ ವಾಲಿಕೊಂಡೇ ಆಚೆ ದಡ ಮುಟ್ಟಿತು. ದೋಣಿಯವನು ಇಳಿಯಲು ಹಲಗೆ ಹಾಕಿದ. ನಾವು ಮೂವರೂ ಇಳಿದ ಮೇಲೂ ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದ.