ಬ್ಯಾಟರಿಗೆ ಗಂಧ ಹಚ್ಚಿದ ದಿನ

ವ್ಯಾಸರಾಯರಷ್ಟು ಹೆದರುವ ಮನುಷ್ಯ ಕೊಯಮತ್ತೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಊರು ಬಿಟ್ಟಿರುತ್ತಿದ್ದರು. ಮೆಟ್ಟುಪಾಳ್ಯಂ ಕಡೆ ಬೆಟ್ಟದ ಮೇಲೆ ಮಿಂಚಿದರೆ ಸಾಕು, ಇಲ್ಲಿ ಸಿಂಗಾನಲ್ಲೂರಿನ ಮನೆಯಲ್ಲಿ ಇವರು ಫ್ರಿಜ್ಜು, ಟಿವಿ, ಮಿಕ್ಸಿ ಎಲ್ಲದರ ಪ್ಲಗ್ಗು ಕಿತ್ತು, ಕಡೆಗೆ ಗೋಡೆ ಗಡಿಯಾರದ ಸೆಲ್ಲನ್ನೂ ತೆಗೆದಿಡುವರು. ಹಾಗಾಗಿ ಮಳೆಗಾಲ ಪೂರ್ತಿ ಆ ಮನೆಯಲ್ಲಿ ಮೂರೂಕಾಲು ಗಂಟೆ.

ಹೆಂಡತಿ ಭಾಮಾ ಇದಕ್ಕೆ ತದ್ವಿರುದ್ಧ. ಹುಲಿ ಬಂದರೂ "ಚಪ್ಪಲಿ ಹೊರಗೆ ಬಿಟ್ಟು ಬಾ" ಅನ್ನುವವರು. "ಲಗ್ನದ ದಿನ ಹೋಮದ ಮುಂದೆ ಕೂಡಕ್ಕೆ ಒಂದು ಬಕೆಟ್ ಮರಳು ಕೇಳಿದ ಗಂಡು ಇವರೊಬ್ಬರೇ" ಅಂತ ಬಂದವರಿಗೆಲ್ಲ ಹೇಳುವರು. ರಾಯರು ಕಾಫಿ ಲೋಟ ಹಿಡಿದರೆ ಕೈ ನಡುಗಿ ಅರ್ಧ ಕಾಫಿ ಬಟ್ಟಲಿಗೆ, ಕಾಲು ಪಂಚೆಗೆ. ಉಳಿದ ಕಾಲನ್ನು ಕುಡಿದೇ ಅವರು ಅರವತ್ತೊಂದು ಮುಟ್ಟಿದ್ದರು.

ಆ ಹೆದರಿಕೆಗೆ ಒಂದು ಹುಟ್ಟಿದ ದಿನವಿತ್ತು. ಮೂವತ್ತೊಂದು ವರ್ಷ ಅವರು ಒಂದು ನೂಲಿನ ಮಿಲ್ಲಿನಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್. ಎಪ್ಪತ್ತೊಂಬತ್ತರಲ್ಲಿ ಮಿಲ್ಲಿನ ಬ್ಯಾಟರಿ ಕೋಣೆಯಲ್ಲಿ ಗೋಪಾಲಸಾಮಿ ಎಂಬ ಕೆಲಸಗಾರ, ಚಾರ್ಜ್ ಆಗುತ್ತಿದ್ದ ಬ್ಯಾಟರಿಯೊಳಗೆ ನೀರೆಷ್ಟಿದೆ ನೋಡೋಣವೆಂದು ಬೆಂಕಿಕಡ್ಡಿ ಗೀರಿದ. ಚಾರ್ಜ್ ಆಗುವ ಬ್ಯಾಟರಿ ಗ್ಯಾಸು ಬಿಡುತ್ತದೆ. ಅದಕ್ಕೆ ಒಂದು ಕಿಡಿ ಸಾಕು. ಬ್ಯಾಟರಿ ಸಿಡಿದು ಆಸಿಡ್ ಎರಚಿದ ಆ ಮುಖಕ್ಕೆ ಮುಕ್ಕಾಲು ಗಂಟೆ ನೀರು ಸುರಿದವರು ರಾಯರು. ಒಂದು ಕಣ್ಣು ಉಳಿಯಿತು. ಅವರ ಕೈ ನಡುಗಲು ಶುರುವಾದದ್ದು ಅಂದು ಸಂಜೆ, ಲಗ್ನಕ್ಕೆ ಮೂರು ತಿಂಗಳ ಮುಂಚೆ. ನಾನು ಪಕ್ಕದ ಮನೆಯವನು, ಇದು ಗೊತ್ತಿದ್ದೂ ಊರೆಲ್ಲರ ಜೊತೆ ಸೇರಿ ನಗುತ್ತಿದ್ದೆ.

ಎರಡು ಸಾವಿರದ ಎಂಟರ ಆಯುಧಪೂಜೆಗೆ ಅಂಗಪ್ಪನ್ ನಮ್ಮನ್ನು ಕರೆದ. ಮಿಲ್ಲಿನಲ್ಲಿ ರಾಯರ ಕೈಕೆಳಗೆ ವೈರ್‌ಮನ್ ಆಗಿದ್ದವನು. ಮಿಲ್ಲು ಮುಚ್ಚಿದ ಮೇಲೆ ಉಡುಮಲೈ ಆಚೆ ಅಮರಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿ ಇಟ್ಟಿದ್ದ. ಅದಕ್ಕೆ ಹೊಸದಾಗಿ ಬ್ಯಾಟರಿ ಮೋಟಾರು ಕೂಡಿಸಿದ್ದನಂತೆ.

ಆ ಹಿನ್ನೀರಿನಲ್ಲಿ ಮೊಸಳೆಗಳಿವೆ. ರಾಯರಿಗೆ ಅದು ಗೊತ್ತಾದದ್ದು ದೋಣಿ ಹತ್ತಿದ ಮೇಲೆ.

"ಏನುಂಗ ಸಾರ್, ಹೊಗೆ ಇಲ್ಲ, ಸದ್ದಿಲ್ಲ. ನಾವು ಬಂದದ್ದು ಮೊಸಳೆಗೂ ಗೊತ್ತಾಗಲ್ಲ" ಅಂದ ಅಂಗಪ್ಪನ್.

"ಮೊಸಳೆ ಬಂದದ್ದು ನಮಗೆ ಗೊತ್ತಾಗತ್ತಾ?" ಅಂದರು ರಾಯರು.

ಸದ್ದಿಲ್ಲದ ಆ ದೋಣಿಯ ಹಿಂತುದಿಯಲ್ಲಿ ಒಂದು ಪೆಟ್ರೋಲ್ ಜನರೇಟರ್ ಇತ್ತು. ಅದರ ಸದ್ದಿಗೆ ಧಾರಾಪುರದಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ನಿಂತಿರಬೇಕು. ಆ ವರ್ಷದ ಕರೆಂಟ್ ಕಡಿತ ನೆನಪಿದೆಯಲ್ಲ? ರಾತ್ರಿ ಬ್ಯಾಟರಿ ಚಾರ್ಜ್ ಆಗಿರಲಿಲ್ಲ. ಅದಕ್ಕೇ ನೀರಿನ ಮೇಲೆ ಹೋಗುತ್ತಾ ಹೋಗುತ್ತಾ ಚಾರ್ಜು.

ಪೂಜೆ ದಡದಲ್ಲೇ ಮುಗಿಯಬೇಕಿತ್ತು. ತೊಡಕಾದದ್ದು ನಿಂಬೆಹಣ್ಣಿನಿಂದ. ಲಾರಿ, ಬೈಕು, ಸೈಕಲ್ಲು ಯಾವುದೇ ಆದರೂ ಪೂಜೆಯಾದ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಬೇಕು. ದೋಣಿಗೆ ಚಕ್ರವೆಲ್ಲಿ? ಅಂಗಪ್ಪನ ಹೆಂಡತಿ ಅಂಗಮ್ಮ ಮೂರು ದಿನ ಯೋಚಿಸಿ ತೀರ್ಮಾನ ಕೊಟ್ಟಿದ್ದಳು: ನಡುನೀರಿಗೆ ಹೋಗಿ, ಮೋಟಾರಿಗೆ ಕರೆಂಟು ಕೊಡುವ ಬ್ಯಾಟರಿಗೆ ಕರ್ಪೂರ ಬೆಳಗಿ, ನಿಂಬೆಹಣ್ಣನ್ನು ದೋಣಿಯ ಮೂತಿಯ ಕೆಳಗೆ ಎಸೆದು, ಅದರ ಮೇಲೆ ದೋಣಿ ಓಡಿಸುವುದು.

ದಡ ಅಂಗೈಯಷ್ಟು ಸಣ್ಣದಾದಾಗ ಅಂಗಪ್ಪನ್ ಮೋಟಾರು ನಿಲ್ಲಿಸಿದ. ಜನರೇಟರ್ ಮಾತ್ರ ಬಡಿದುಕೊಳ್ಳುತ್ತಿತ್ತು. ರಾಯರು ಮೂಗು ಎಳೆದುಕೊಂಡರು. ನನಗೂ ಬಂತು, ಕೊಳೆತ ಮೊಟ್ಟೆಯ ವಾಸನೆ.

"ಬ್ಯಾಟರಿ ಎಲ್ಲಿಟ್ಟಿದ್ದೀಯೋ?"

"ಮಾಮಿ ಕೂತಿದ್ದಾರಲ್ಲ ಸಾರ್, ಆ ಪೆಟ್ಟಿಗೆಯಲ್ಲೇ. ಎರಡಿವೆ. ಒಂದು ಟ್ರ್ಯಾಕ್ಟರಿನದು, ನೀರು ಹಾಕೋದು. ಇನ್ನೊಂದು ಸೀಲ್ ಮಾಡಿದ್ದು, ಕಂಪ್ಯೂಟರ್ ಆಫೀಸಿನವರು ಬಿಸಾಕಿದ್ದು."

"ಚಾರ್ಜರ್?"

"ಒಂದೇ. ಅಕ್ಕತಂಗಿಯರಿಗೆ ಎರಡು ತಟ್ಟೆ ಯಾಕೆ ಸಾರ್? ಬೇಗ ಆಗಲಿ ಅಂತ ಬೂಸ್ಟಿಗೆ ತಿರುಗಿಸಿದ್ದೀನಿ."

ರಾಯರ ಮುಖದಿಂದ ರಕ್ತ ಇಳಿದದ್ದು ಕಣ್ಣಿಗೆ ಕಾಣಿಸಿತು. ಆಮೇಲೆ ಅವರೇ ನನಗೆ ಬಿಡಿಸಿ ಹೇಳಿದರು. ನೀರಿನ ಬ್ಯಾಟರಿ ಹೆಚ್ಚು ಉಂಡರೆ ತೇಗುತ್ತದೆ, ಮುಚ್ಚಳದ ತೂತಿನಿಂದ ಗ್ಯಾಸು ಹೋಗುತ್ತದೆ. ಸೀಲಿನದು ಬಾಯಿ ಹೊಲಿದ ಪ್ರಾಣಿ, ಅದಕ್ಕೆ ಅಳೆದು ಬಡಿಸಬೇಕು. ಎರಡಕ್ಕೂ ಒಂದೇ ಸೌಟಿನಲ್ಲಿ ಸುರಿದರೆ ಒಂದು ಕುದಿಯುತ್ತದೆ, ಇನ್ನೊಂದರ ಹೊಟ್ಟೆ ಉಬ್ಬುತ್ತದೆ.

"ನೀರಿನದರ ಮುಚ್ಚಳದಲ್ಲಿ ತೂತುಗಳಿರ್ತಾವಲ್ಲ, ಅವು ಸರಿಯಾಗಿವೆಯಾ?"

"ಯಾವ ತೂತು ಸಾರ್? ಇವಳು ಬೆಳಿಗ್ಗೆಯೇ ತೊಳೆದು ಆರೂ ಮುಚ್ಚಳಕ್ಕೂ ದಪ್ಪಗೆ ಗಂಧ ಮೆತ್ತಿ ಕುಂಕುಮ ಇಟ್ಟಿದ್ದಾಳೆ. ಮಾರಿಯಮ್ಮನ ಹಾಗೆ ಕೂತಿದೆ. ನೀರು ಬೀಳದಿರಲಿ ಅಂತ ಪೆಟ್ಟಿಗೆಗೆ ಟಾರ್ಪಾಲಿನ್ ಬೇರೆ ಬಿಗಿದಿದ್ದೀನಿ."

ರಾಯರು ಹೆಂಡತಿಯ ಕಡೆ ತಿರುಗಿದರು. "ಭಾಮಾ, ಏಳು."

"ಯಾಕೆ?"

"ಕೆಳಗೆ ಬ್ಯಾಟರಿ ಸಿಡಿಯತ್ತೆ."

"ಕುಕ್ಕರ್ ಸಿಡಿಯತ್ತೆ ಅಂತ ಮೂವತ್ತು ವರ್ಷದಿಂದ ಹೇಳ್ತಿದ್ದೀರಿ. ನಾವೂ ಸಾಂಬಾರ್ ತಿಂತಾನೇ ಇದ್ದೀವಿ. ಸುಮ್ನೆ ಇರಿ. ಮಂಡಿನೋವಿಗೆ ಹಾಯಾಗಿದೆ ಇಲ್ಲಿ, ಪೆಟ್ಟಿಗೆ ಬೆಚ್ಚಗಿದೆ."

ಬೆಚ್ಚಗಿದೆ ಅಂದರು. ನನ್ನ ಬೆನ್ನು ತಣ್ಣಗಾಯಿತು.

"ಸಾರ್‌ಗೆ ಮಿಲ್ಲಿನಲ್ಲೂ ಹೀಗೇ" ಅಂತ ಅಂಗಪ್ಪನ್ ನಕ್ಕ. "ಟಾರ್ಚ್ ಹಚ್ಚೋಕೂ ಕೈಗೆ ಗ್ಲೌಸ್ ಹಾಕ್ಕೋತಿದ್ದರು." ಅಂಗಮ್ಮನೂ ನಕ್ಕು, ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಟ್ಟೆಯಲ್ಲಿ ಕರ್ಪೂರವಿಟ್ಟು ಕಡ್ಡಿ ಗೀರಿದಳು. ಗಾಳಿಗೆ ಆರಿತು. ಎರಡನೆಯದು ಗೀರಿದಳು. ಅದೂ ಆರಿತು. ಸೆರಗನ್ನು ಮರೆ ಮಾಡಿ, ಪೆಟ್ಟಿಗೆಗೆ ಇನ್ನೂ ಒತ್ತಿ ಕೂತು ಮೂರನೆಯದನ್ನು ತೆಗೆದಳು.

ನನಗೆ ಗೋಪಾಲಸಾಮಿಯ ಕಥೆ ನೆನಪಾಯಿತು. ನೀರಿಗೆ ಹಾರೋಣವೆಂದು ನೋಡಿದರೆ, ಸ್ವಲ್ಪ ದೂರದಲ್ಲಿ ಒಂದು ಮರದ ತುಂಡು ತೇಲುತ್ತಿತ್ತು. ನಾನು ನೋಡುತ್ತಿದ್ದಂತೆ ಆ ಮರದ ತುಂಡು ಕಣ್ಣು ಮುಚ್ಚಿ ತೆರೆಯಿತು.

ರಾಯರು ಕೂಗಲಿಲ್ಲ. ಕೂಗಿ ಕೂಗಿ ಅವರ ಕೂಗಿಗೆ ಬೆಲೆ ಹೋಗಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತುಂಬಾ ಮೆತ್ತಗೆ ಹೇಳಿದರು:

"ಅಂಗಮ್ಮಾ, ಒಂದು ನಿಮಿಷ. ಮೊದಲ ಆರತಿ ಹೊಳೆಗೆ. ದೋಣಿಯ ಮೂತಿಯಲ್ಲಿ ನಿಂತು ಅಮರಾವತಿಗೆ ಬೆಳಗಿ, ವೀಳ್ಯದೆಲೆ ಮೇಲೆ ಕರ್ಪೂರ ತೇಲಿಬಿಡಬೇಕು. ದೋಣಿಗೆ ಆಮೇಲೆ. ಹೆಂಗಸರೆಲ್ಲ ಹೋಗಬೇಕು. ನಮ್ಮಲ್ಲಿ ಪದ್ಧತಿ."

ಅಂಥ ಪದ್ಧತಿ ಅವರ ಮನೆಯಲ್ಲೂ ಇಲ್ಲ, ಮಠದಲ್ಲೂ ಇಲ್ಲ. ಏಕಾದಶಿ ದಿನ ನೀರು ಕುಡಿದರೂ ದೇವರಿಗೆ ತಪ್ಪು ಒಪ್ಪಿಕೊಳ್ಳುವ ಮನುಷ್ಯ, ಹಬ್ಬದ ದಿನ, ಹೊಳೆಯ ನಡುವೆ ಸುಳ್ಳು ಹೇಳಿದರು. ಭಾಮಾ ಬಾಯಿ ತೆರೆದರು, "ಯಾವ ಪದ್ಧತಿ?" ಅನ್ನುವುದಕ್ಕೇ. ಅಷ್ಟರಲ್ಲಿ ಗಂಡನ ಕೈ ನೋಡಿದರು. ಮೂವತ್ತು ವರ್ಷ ಕಾಫಿ ಚೆಲ್ಲಿದ ಕೈ. ಅದು ಈಗ ಕಲ್ಲಿನ ಹಾಗೆ ನಿಂತಿತ್ತು.

ಭಾಮಾ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಂಡಿನೋವು ಮರೆತು ಎದ್ದರು. "ಬಾಮ್ಮಾ, ಹೌದು, ನಮ್ಮಲ್ಲಿ ಹಾಗೇನೇ" ಅಂತ ಅಂಗಮ್ಮನ ತೋಳು ಹಿಡಿದು ಮುಂದಕ್ಕೆ ನಡೆಸಿದರು. ನಾನು ಗಂಡಸಾದರೂ ಪದ್ಧತಿಯಲ್ಲಿ ಸೇರಿಕೊಂಡೆ.

ರಾಯರು ನಿಂತರೆ ಬೀಳುತ್ತೇನೆಂದು ನಾಲ್ಕು ಕಾಲಲ್ಲಿ ತೆವಳಿ, ಹಿಂತುದಿಗೆ ಹೋಗಿ ಜನರೇಟರ್ ನಿಲ್ಲಿಸಿದರು.

ಸದ್ದು ನಿಂತ ಮೇಲೆ ಎಲ್ಲರಿಗೂ ಕೇಳಿಸಿತು. ಪೆಟ್ಟಿಗೆಯೊಳಗೆ ಅನ್ನ ಕುದಿಯುವ ಹಾಗೆ ಗುಳುಗುಳು, ಅದರ ಜೊತೆಗೆ ಸಣ್ಣಗೆ ಸುಸ್ ಅಂತ ಇನ್ನೊಂದು ಉಸಿರು. ಅಂಗಪ್ಪನ ನಗು ಬಾಯಲ್ಲೇ ಒಣಗಿತು. ಅವನು ಚಾರ್ಜರ್ ಕ್ಲಿಪ್ ಕೀಳಲು ಪೆಟ್ಟಿಗೆಗೆ ಕೈ ಹಾಕಿದ.

"ಮುಟ್ಟಿದರೆ ಕೈ ಮುರೀತೀನಿ! ಕ್ಲಿಪ್ ಕಿತ್ತರೆ ಕಿಡಿ ಬರತ್ತೆ. ಕೂತ್ಕೋ."

ಕೂತ. ಮುಂದೆ ಮೂತಿಯಲ್ಲಿ ಅಂಗಮ್ಮನ ಐದನೇ ಕಡ್ಡಿ ಹತ್ತಿತ್ತು. ಕರ್ಪೂರ ಎಲೆಯ ಮೇಲೆ ತೇಲಿತು. ಆ ಎಲೆಗೆ ಅವಸರವೇ ಇರಲಿಲ್ಲ. ದೋಣಿಯ ಪಕ್ಕಕ್ಕೆ ಬಂದು, ಪೆಟ್ಟಿಗೆಯ ನೇರಕ್ಕೆ ಬಂದು, ಅಲ್ಲೇ ಒಂದು ಸುತ್ತು ಸುತ್ತಿತು. ನಾವು ಐದು ಜನ ಉಸಿರು ಹಿಡಿದ ರೀತಿಗೆ ಹಿನ್ನೀರಿನ ಮಟ್ಟ ಅರ್ಧ ಅಡಿ ಇಳಿದಿರಬೇಕು. ಎಲೆ ದೂರ ಹೋಗಿ, ಜ್ವಾಲೆ ಆರಿ, ಹೊಗೆಯೂ ಹೋಯಿತು. ಆಮೇಲೂ ರಾಯರು ನೂರು ಎಣಿಸಿದರು. ನಂತರ ಟಾರ್ಪಾಲಿನ್ ಬಿಚ್ಚಿ, ಪೆಟ್ಟಿಗೆಯ ಮುಚ್ಚಳ ಎತ್ತಿ, ಮುಖ ತಿರುಗಿಸಿಕೊಂಡರು.

ಅಂಗಪ್ಪನ್ ಬಗ್ಗಿ ನೋಡಿದ. ಸೀಲಿನ ಬ್ಯಾಟರಿ ತುಂಬುಬಸುರಿಯ ಹಾಗೆ ಉಬ್ಬಿತ್ತು. ಇನ್ನೊಂದು ನಿಜಕ್ಕೂ ಮಾರಿಯಮ್ಮನ ಹಾಗೇ ಇತ್ತು. ಆಗ ಟಪ್ ಎಂದು ಅದರ ಒಂದು ಮುಚ್ಚಳ ಹಾರಿ, ಗಂಧ ಕುಂಕುಮ ಸಮೇತ ಅವನ ಹಣೆಗೆ ಬಡಿಯಿತು. ಅವನು ಅಲ್ಲೇ ಕೂತುಬಿಟ್ಟ. ಅಂಗಮ್ಮ ನೀರೆರಚಿ ಗಂಡನ ಮುಖ ತೊಳೆದಳು. ಕಣ್ಣಿಗೆ ಏನೂ ಆಗಿರಲಿಲ್ಲ.

ಒಂದೇ ಬಿದಿರಿನಲ್ಲಿ ಹುಟ್ಟು ಹಾಕಿ ದಡ ಸೇರುವಾಗ ಹೊತ್ತು ಇಳಿದಿತ್ತು. ಆ ಮರದ ತುಂಡು ಅರ್ಧ ದಾರಿ ಜೊತೆಗೇ ಬಂತು. ದಡದಲ್ಲಿ ಅಂಗಮ್ಮ ಪೂಜೆಯ ಪುರಿ ಕಡಲೆಯನ್ನು ರಾಯರ ಅಂಗೈಗೆ ಹಾಕಿದಳು. ಕೈ ಮತ್ತೆ ನಡುಗಿ, ಒಂದು ಕಾಳೂ ಬಾಯಿಗೆ ತಲುಪಲಿಲ್ಲ. ಭಾಮಾ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯವರೆಗೆ ತಂದರು.

ಆಮೇಲಿನ ಪ್ರತಿ ಆಯುಧಪೂಜೆಗೂ ಅಂಗಪ್ಪನ್ ಫೋನು ಮಾಡುತ್ತಿದ್ದ. "ಎರಡಕ್ಕೂ ಬೇರೆ ಬೇರೆ ಚಾರ್ಜರ್ ಇಟ್ಟಿದ್ದೀನಿ ಸಾರ್. ಗಂಧ ಎಲ್ಲಿ ಹಚ್ಚಲಿ?"

"ನಿನ್ನ ಹಣೆಗೆ ಹಚ್ಚಿಕೋ" ಅನ್ನುವರು ರಾಯರು.

ಮಳೆಗಾಲದಲ್ಲಿ ಆ ಮನೆಯ ಗಡಿಯಾರ ಈಗಲೂ ಮೂರೂಕಾಲಿಗೇ ನಿಲ್ಲುತ್ತದೆ. ಆದರೆ ರಾಯರು "ಏಳು" ಅಂದರೆ ಭಾಮಾ ಮೊದಲು ಏಳುತ್ತಾರೆ. ಬೈಯುವುದೆಲ್ಲ ಎದ್ದ ಮೇಲೆ.