ಮಾರ್ಸೆಲ್ ಪೊರ್ಬುಗಳು ಸುತ್ತಿದ ತಂತಿ

ನನ್ನ ಮೊಮ್ಮಗಳು ಶ್ರಾವ್ಯ ಶಾಲಾ ಕಲೋತ್ಸವದಲ್ಲಿ ಗಿಟಾರಿಗೆ ಜಿಲ್ಲೆಗೇ ಫಸ್ಟ್ ಬಂದಿದ್ದಾಳೆ! ಬೆಳಗ್ಗಿನಿಂದ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದ್ದೇನೆ. ಮೀನು ತಂದವನಿಗೆ ಎರಡು ಸಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲು ಹೇಳಬೇಕಾಗಿದ್ದವರು ಈಗ ಇಲ್ಲ.

ಅವರು ಉಪ್ಪಳದ ಮಾರ್ಸೆಲ್ ಪೊರ್ಬುಗಳು; ಕೊಂಕಣಿ ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಮರ್ಯಾದೆಯಿಂದ ಹಾಗೆ ಕರೆಯುವುದು. ಸುಟ್ಟುಹೋದ ಪಂಪು, ಫ್ಯಾನುಗಳಿಗೆ ಹೊಸ ತಂತಿ ಸುತ್ತುವುದು ಅವರ ಕೆಲಸ. ಸ್ಕ್ರೂಡ್ರೈವರಿನ ತುದಿ ಮೋಟರಿಗೆ, ಹಿಡಿ ಕಿವಿಗೆ. ಕಣ್ಣು ಮುಚ್ಚಿ ಕೇಳುತ್ತಿದ್ದರೆ ಥೇಟು ಡಾಕ್ಟರೇ. ಒಮ್ಮೆ ನನ್ನ ಮಿಕ್ಸಿಯನ್ನು ಹಾಗೆ ಕೇಳಿ, "ಇದಕ್ಕೆ ಎಂತ ಆಗ್ಲಿಲ್ಲ ಅಕ್ಕ. ನೀವು ಕಾಯಿ ತುರುಕುವುದಕ್ಕೆ ಅದು ಬೊಬ್ಬೆ ಹಾಕುವುದು" ಎಂದು ಬಿಚ್ಚದೆಯೇ ವಾಪಸು ಕೊಟ್ಟಿದ್ದರು.

ಶ್ರಾವ್ಯಳ ಹಳೆಯ ಕರೆಂಟು ಗಿಟಾರಿನ ಪಿಕಪ್ ಕೆಟ್ಟಾಗಲೂ ಅವರಲ್ಲಿಗೇ ಹೋದೆವು. ತಂತಿಗಳ ಅಡಿಯಲ್ಲಿ ಕೂತು ಸ್ವರ ಹಿಡಿಯುವ ತುಂಡು ಅದು. ಅಯಸ್ಕಾಂತಕ್ಕೆ ಕೂದಲಿಗಿಂತ ಸಪೂರದ ತಾಮ್ರದ ತಂತಿ ಸುತ್ತಿರುತ್ತಾರೆ.

"ಯಾವ ನಮೂನೆಯ ಸ್ವರ ಬೇಕು ಮಗಾ?" ಎಂದು ಪೊರ್ಬುಗಳು ಕೇಳಿದರು.

"ಮಾತಾಡಿದ ಹಾಗೆ ಕೇಳ್ಬೇಕು."

"ಹಾಗಾದ್ರೆ ಸುತ್ತು ಕಮ್ಮಿ ಸಾಕು. ಜಾಸ್ತಿ ಸುತ್ತಿದ್ರೆ ಜೋರು, ಕಮ್ಮಿ ಸುತ್ತಿದ್ರೆ ಸ್ಪಷ್ಟ. ಹತ್ತು ದಿನ ಕೊಡು."

ಅಷ್ಟರಲ್ಲಿ ದುಬಾಯಿಯಿಂದ ನನ್ನ ಮಗ, ಅವಳ ಅಪ್ಪ, ಹೊಳೆಯುವ ಪೆಟ್ಟಿಗೆಯಲ್ಲಿ ಹೊಸ ಪಿಕಪ್ ಕಳಿಸಿದ. ನಾವು ಅಂಗಡಿಗೆ ಹೋದಾಗ ಪೊರ್ಬುಗಳು ತಾವು ಸುತ್ತಿದ್ದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ನಾನು ಬಿಚ್ಚಿಯೂ ನೋಡಲಿಲ್ಲ. ನಾಲ್ಕು ಜನರ ಎದುರು ಹೇಳಿಬಿಟ್ಟೆ: "ಪಂಪು ಸುತ್ತಿದ ಕೈಗೆ ಸಂಗೀತ ಎಂತ ಗೊತ್ತುಂಟು ಪೊರ್ಬುಗಳೇ? ದುಬಾಯಿದ್ದು ಹಾಕಿ."

ನಲವತ್ತು ವರ್ಷ ಬೀಡಿ ಕಟ್ಟಿದವಳು ನಾನು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ನಮ್ಮ ಕಟ್ಟನ್ನು ನೋಡದೆ ಬದಿಗೆ ಎಸೆದರೆ ಎಷ್ಟು ನೋವಾಗುತ್ತದೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಅದನ್ನೇ ಮಾಡಿದೆ.

"ಆಯ್ತು ಅಕ್ಕ. ಪೆಟ್ಟಿಗೆ ಚಂದ ಉಂಟು" ಎಂದು ಅವರು ದುಬಾಯಿಯದ್ದನ್ನು ಅಚ್ಚುಕಟ್ಟಾಗಿ ಕೂರಿಸಿ ಕೊಟ್ಟರು. ಆಮೇಲೆ ಆ ಅಂಗಡಿಯ ಎದುರು ಬಂದಾಗಲೆಲ್ಲ ನಾನು ರಸ್ತೆಯ ಆಚೆ ಬದಿಯಲ್ಲಿ ನಡೆದೆ. ಕಳೆದ ತಿಂಗಳು ಎದೆನೋವು ಬಂದು ಅವರು ತೀರಿಕೊಂಡರು. ನೋಡಲು ಹೋಗುವ ಮುಖ ನನಗಿರಲಿಲ್ಲ.

ನಿನ್ನೆ ಬಹುಮಾನ ಹಿಡಿದುಕೊಂಡೇ ಶ್ರಾವ್ಯ ನನ್ನನ್ನು ಬದಿಗೆ ಕರೆದಳು. "ಅಜ್ಜಿ, ಇದರಲ್ಲಿ ಇರುವುದು ದುಬಾಯಿದ್ದಲ್ಲ. ಅದು ಬರೀ ಬೊಬ್ಬೆ. ಮರುವಾರವೇ ನಾನು ಅಂಗಡಿಗೆ ತಗೊಂಡು ಹೋದೆ, ಪೊರ್ಬುಗಳು ಅವರದ್ದು ಹಾಕಿಕೊಟ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"'ಅಜ್ಜಿಗೆ ಹೇಳ್ಬೇಡ ಮಗಾ, ಅವರಿಗೆ ಬೇಜಾರಾಗ್ತದೆ' ಅಂದ್ರು."

ಇವತ್ತು ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದೆವು. ರಜೆಯಲ್ಲಿ ಬಂದ ಮಗ, "ಎಂತ ಅಮ್ಮಾ, ನಾನು ಕಳಿಸಿದ್ದು ಗೆದ್ದಿತಲ್ಲಾ!" ಎಂದು ನಕ್ಕ. ಶ್ರಾವ್ಯ ತಲೆ ತಗ್ಗಿಸಿದಳು. ನಾನು ತುತ್ತನ್ನು ಬಟ್ಟಲಲ್ಲೇ ಇಟ್ಟೆ.

"ನಿನ್ನದಲ್ಲ ಮಗಾ, ಮಾರ್ಸೆಲ್ ಪೊರ್ಬುಗಳದ್ದು" ಎಂದೆ. ಆವತ್ತು ಅಂಗಡಿಯಲ್ಲಿ ಆಡಿದ ಮಾತನ್ನು, ಒಂದಕ್ಷರ ಬಿಡದೆ, ಸೊಸೆಯ ಎದುರೂ ಹೇಳಿದೆ.

ಶ್ರಾವ್ಯ ತನ್ನ ಬಟ್ಟಲಿನ ಮೀನಿನ ನಡುತುಂಡನ್ನು ತೆಗೆದು ನನ್ನ ಬಟ್ಟಲಿಗೆ ಹಾಕಿದಳು. "ನಾಳೆ ಪೊರ್ಬುಗಳ ಮನೆಗೆ ಹೋಗುವ ಅಮ್ಮಾ" ಎಂದು ಮಗ ಸಾರಿನ ಪಾತ್ರೆಯನ್ನು ನನ್ನ ಕಡೆ ದೂಡಿದ. ಎಲ್ಲರೂ ಉಂಡೆವು.