ಪ್ಯಾಂಟಿನ ಮಡಿಕೆಯಲ್ಲಿ ಬಂದ ಸಾಸಿವೆ

ನಮ್ಮ ಚಿಕ್ಕಪ್ಪ ಗಿಡ್ಡ. ಎಣ್ಣೆಕಾಳು ಸಂಶೋಧನಾ ಕೇಂದ್ರದವರು ಕೊಟ್ಟ ಸಮವಸ್ತ್ರದ ಪ್ಯಾಂಟು ಅವನಿಗೆ ಗೇಣುದ್ದ ಹೆಚ್ಚು. "ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುತ್ತಾ?" ಎಂದು ಚಿಕ್ಕಮ್ಮ ಅದನ್ನು ಹೊರಗಡೆಗೆ ಮಡಿಚಿ ನಾಲ್ಕು ಹೊಲಿಗೆ ಹಾಕಿಕೊಟ್ಟಳು. ಆ ಮನೆಯಲ್ಲಿ ಏನನ್ನೂ ಕತ್ತರಿಸುವುದಿಲ್ಲ, ಎಸೆಯುವುದಂತೂ ಇಲ್ಲವೇ ಇಲ್ಲ.

ಕೇಂದ್ರದ ಬೇಲಿಯೊಳಗಿದ್ದದ್ದು ಕುಲಾಂತರಿ ಸಾಸಿವೆ. ಔಷಧಿ ಹೊಡೆದರೆ ಕಳೆ ಸಾಯುತ್ತದೆ, ಬೆಳೆ ಸಾಯುವುದಿಲ್ಲ. ಹೊರಗೆ ಬಿಟ್ಟರೆ ಏನಾದೀತು ಎಂಬ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಒಂದು ಕಾಳೂ ಗೇಟು ದಾಟುವಂತಿರಲಿಲ್ಲ. ಹೊರಡುವಾಗ ಎಲ್ಲರೂ ಜೇಬು, ಬೂಟು ಕೊಡವಬೇಕು. ಚಿಕ್ಕಪ್ಪ ಎಲ್ಲರಿಗಿಂತ ಶ್ರದ್ಧೆಯಿಂದ ಕೊಡವುತ್ತಿದ್ದ. ಮಡಿಕೆಯ ನೆನಪು ಅವನಿಗಾಗಲಿ ಕಾವಲುಗಾರನಿಗಾಗಲಿ ಬರಲಿಲ್ಲ. ಗಿಡ್ಡನಾಗಿ ಹುಟ್ಟಿದ್ದು ಅವನ ತಪ್ಪೇ?

ಚಿಕ್ಕಮ್ಮನದೂ ಸಾಸಿವೆಯೇ. ಹಿತ್ತಿಲಾಚೆಯ ತುಂಡು ಹೊಲದಲ್ಲಿ ತನ್ನ ಅತ್ತೆಯಿಂದ ಬಂದ ಬೀಜ ಬೆಳೆದು, ಅಕ್ಕಪಕ್ಕದವರಿಗೆಲ್ಲ ಬಿತ್ತನೆಗೆ ಕೊಡುತ್ತಿದ್ದಳು. ಕೊಡುವಾಗ ಅವಳ ಗತ್ತು ನೋಡಬೇಕಿತ್ತು.

ಈ ಸಲ ಹೊಲವೆಲ್ಲ ಹೂವಾಗಿದ್ದಾಗ ಚಿಕ್ಕಪ್ಪ ಬಚ್ಚಲ ಮೋರಿಯ ಪಕ್ಕದ ಕಳೆಗೆ ಅದೇ ಔಷಧಿ ಹೊಡೆದ. ಆಮೇಲೊಂದು ದಿನ ನೋಡಿದರೆ ಹುಲ್ಲು, ಸೊಪ್ಪು ಎಲ್ಲ ಒಣಗಿ ಬಿದ್ದಿದೆ, ನಡುವೆ ಮೂರು ಸಾಸಿವೆ ಗಿಡ ಮಾತ್ರ ಹಳದಿ ಹೂ ಬಿಟ್ಟುಕೊಂಡು ನೆಟ್ಟಗೆ ನಿಂತಿವೆ. ಅವನ ಪ್ಯಾಂಟು ಒಗೆಯುವ ಕಲ್ಲಿರುವುದೂ ಅಲ್ಲೇ. ಚಿಕ್ಕಪ್ಪ ಬಗ್ಗಿ ತನ್ನ ಪ್ಯಾಂಟಿನ ಮಡಿಕೆಗೆ ಬೆರಳು ಹಾಕಿ ನೋಡಿದ. ಹೂವಿನ ಮೇಲಿದ್ದ ಜೇನ್ನೊಣ ಎದ್ದು ಸೀದಾ ಚಿಕ್ಕಮ್ಮನ ಹೊಲದ ಕಡೆ ಹಾರಿತು.

ಬಾಯಿಬಿಟ್ಟರೆ ಕೆಲಸಕ್ಕೆ ಸಂಚಕಾರ. ಆದರೂ ಹೆಂಡತಿಗೆ ಹೇಳಿದ, ಕೇಂದ್ರಕ್ಕೂ ಹೇಳಿದ. ಸಾಹೇಬರು ಬಂದು ಆ ಗಿಡಗಳನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರು.

"ನನ್ನ ಹೊಲಕ್ಕೂ ಬೆರೆತಿದೆಯಾ ಸಾರ್?" ಚಿಕ್ಕಮ್ಮ ಕೇಳಿದಳು.

"ಬೆರೆತಿರಬಹುದು, ಇಲ್ಲದೇನೂ ಇರಬಹುದು. ಕಾಳು ಕಟ್ಟಿದ ಮೇಲೆ ಪರೀಕ್ಷೆ ಮಾಡ್ಬೇಕಮ್ಮ."

"ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ. ಎಲ್ಲಾ ಕಾಳನ್ನೂ ಪರೀಕ್ಷೆ ಮಾಡೋಕೂ ಆಗಲ್ಲ."

"ನನಗೇ ಗೊತ್ತಾಗದೇ ಇರೋದನ್ನ ಇನ್ನೊಬ್ಬರ ಕೈಗೆ ಹೇಗೆ ಕೊಡ್ಲಿ?"

ಹೂ ತುಂಬಿದ ಹೊಲವನ್ನು ಅವಳೊಬ್ಬಳೇ ಕೊಯ್ದು ಬೆಂಕಿಗೆ ಹಾಕಿದಳು. ಚಿಕ್ಕಪ್ಪ ಸಹಾಯಕ್ಕೆ ಹೋದರೆ, "ನೀವು ದೂರ ಇರಿ" ಎಂದಳು. ನನಗಂತೂ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಸಂಜೆ ಅವಳು ಕತ್ತರಿ ತಂದು ಪ್ಯಾಂಟಿನ ಮಡಿಕೆ ಕತ್ತರಿಸಿ, ಅದನ್ನೂ ಅದೇ ಬೆಂಕಿಗೆ ಎಸೆದಳು.

ಹಳೆಯ ಬೀಜ ಉಳಿದದ್ದು ಅಡುಗೆಮನೆಯ ಡಬ್ಬಿಯಲ್ಲಿ, ಒಂದೇ ಹಿಡಿ. ಮುಂದಿನ ಬಿತ್ತನೆಗೆಂದು ಅದನ್ನು ಕಟ್ಟಿ ಅಟ್ಟಕ್ಕೇರಿಸಿದ್ದಾಳೆ. ಅಂಗಡಿಯ ಸಾಸಿವೆ ಮನೆಯೊಳಗೆ ಬರಕೂಡದಂತೆ. ಚಿಟಿಕೆ ಉಪ್ಪು ಕಮ್ಮಿಯಾದರೂ ಗೊಣಗುತ್ತಿದ್ದ ಚಿಕ್ಕಪ್ಪ ಈಗ ಸಾಸಿವೆಯಿಲ್ಲದ ಅಡುಗೆಯನ್ನು ತಲೆಯೆತ್ತದೆ ಉಣ್ಣುತ್ತಾನೆ.